ಉಣಿಸುವ ಬಾವಿ

ಕಿಟಕಿಯ ಕೆಳಗಿನ ಮೇಜಿನ ಮೇಲೆ ತೀರ ಹತ್ತಿರ ಹತ್ತಿರ ನಿಲ್ಲಿಸಿದ ಎರಡು ಗಾಜಿನ ಹಲಗೆಗಳಿವೆ. ನಡುವಿನ ಸಂದಿಯಲ್ಲಿ ನಮ್ಮೂರ ಬಂಡೆಯನ್ನು ಕುಟ್ಟಿ, ಜರಡಿ ಹಿಡಿದು ತುಂಬಿದ ಮರಳು. ಅದರ ಬಣ್ಣ ಹಳೆಯ ಕಾಗದದ್ದು; ಎಣ್ಣೆ ಹಿಡಿದಿರುವಲ್ಲಿ ಮಾತ್ರ ಕಾಗದದ ಮೇಲೆ ಕಾಫಿ ಚೆಲ್ಲಿದ ಹಾಗೆ ಕಂದು. ಎಡತುದಿಯಲ್ಲಿ ಒಂದು ರಬ್ಬರಿನ ಕೊಳವೆ, ಬಲತುದಿಯಲ್ಲಿ ಇನ್ನೊಂದು. ಎಡಗಡೆಯಿಂದ ಹೊರಟ ಮಸುಕಾದ ಒಂದು ಬಿಳಿ ಗೆರೆ ಕಾಳುಗಳ ನಡುವೆ ದಾರಿ ಹುಡುಕುತ್ತ, ಒಮ್ಮೆ ಕವಲೊಡೆದು ಮತ್ತೆ ಒಂದಾಗಿ, ಮಧ್ಯದವರೆಗೆ ಬಂದು ನಿಂತಿದೆ. ಬೆಳಗಿನ ಬಿಸಿಲು ಗಾಜನ್ನು ಹಾದು ಹಿಂದಿನ ಗೋಡೆಯ ಮೇಲೆ ಆ ಗೆರೆಯ ನೆರಳನ್ನು ಬರೆದಿದೆ. ಗಾಜಿನ ಅಂಚಿನಲ್ಲಿ ಒಂದು ನೊಣ, ಅದೂ ಅಲುಗುತ್ತಿಲ್ಲ. ಇಡೀ ಕೋಣೆಯಲ್ಲಿ ಚಲಿಸುತ್ತಿರುವುದು ಆ ಗೆರೆಯೊಂದೇ, ಮತ್ತು ಅದು ಚಲಿಸುವುದನ್ನು ಯಾವ ಕಣ್ಣೂ ಕಾಣಲಾರದು. ನಿನ್ನೆ ಎಲ್ಲಿತ್ತು ಎಂದು ನೆನಪಿಟ್ಟುಕೊಂಡವನಿಗೆ ಮಾತ್ರ ಅದು ನಡೆದದ್ದು ತಿಳಿಯುತ್ತದೆ.

ನನ್ನ ಕೆಲಸ ಅದೇ ಆಗಿತ್ತು. ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹೇಗೆ ನಡೆಯುತ್ತವೆ, ಎಲ್ಲಿ ಅಂಟಿಕೊಳ್ಳುತ್ತವೆ, ಏನು ತಿಂದು ಎಷ್ಟು ಬೆಳೆಯುತ್ತವೆ ಎಂಬುದಕ್ಕೆ ಒಂದು ಮಾದರಿ ಕಟ್ಟುವುದು, ಗಾಜಿನಲ್ಲೊಂದು, ಸಮೀಕರಣಗಳಲ್ಲೊಂದು. ಎಣ್ಣೆಯ ಕಂಪನಿ ನನ್ನನ್ನು ಇಟ್ಟುಕೊಂಡದ್ದು ಎಣ್ಣೆಗಾಗಿ. ಆ ಜೀವಿಗಳು ಬೆಳೆದರೆ ಬಂಡೆಗೆ ಕಚ್ಚಿಕೊಂಡ ಎಣ್ಣೆ ಸಡಿಲಾಗಿ ಮೇಲೆ ಬರುತ್ತದೆ. ಊರವರು ನನ್ನನ್ನು ಮಾಸ್ತರನೆಂದು ಕರೆದು ಇಟ್ಟುಕೊಂಡದ್ದು ಬೇರೆ ಕಾರಣಕ್ಕಾಗಿ.

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ, ಅವರು ಕೊನೆಯದಾಗಿ ಬಾಯಿ ಮುಕ್ಕಳಿಸಿದ ನೀರನ್ನು ತಂಬಿಗೆಯಲ್ಲಿ ಹಿಡಿದು, ಅದಕ್ಕೆ ಒಂದು ಸೌಟು ಕಾಕಂಬಿಯನ್ನು, ಎಂದರೆ ನೀರುಬೆಲ್ಲವನ್ನು, ಬೆರೆಸಿ, ಊರ ತಲೆಯ ಮೇಲಿನ ದಿಬ್ಬದಲ್ಲಿರುವ ಉಣಿಸುವ ಬಾವಿಗೆ ಹೊಯ್ಯುತ್ತಾರೆ. ಆ ನೀರಿನಲ್ಲಿದ್ದ ಜೀವಿಗಳು ಬಂಡೆಯೊಳಗೆ ಇಳಿಯುತ್ತವೆ. ಅಂದಿನಿಂದ ಅವಕ್ಕೆ ಊರವರ ಬಾಯಲ್ಲಿ ‘ಕೆಳಗಿನವರು’ ಎಂದು ಹೆಸರು. ವರ್ಷಗಳು ಕಳೆದ ಮೇಲೆ, ಬಯಲಿನಲ್ಲಿ ಹರಡಿರುವ ಯಾವುದೋ ಒಂದು ಎಣ್ಣೆಬಾವಿಯಲ್ಲಿ ಅವರು ಮೇಲೆ ಬರುತ್ತಾರೆ. ಬಂದ ದಿನ ಆ ಬಾವಿಯ ಎಣ್ಣೆಗೆ ಸತ್ತವರ ಮೈವಾಸನೆ ಇರುತ್ತದೆ. ಒಂದು ಮಧ್ಯಾಹ್ನದ ಮಟ್ಟಿಗೆ ಮಾತ್ರ. ಸಂಜೆಗೆ ಅದು ಬರಿಯ ಎಣ್ಣೆ.

ಇದರ ಜೊತೆ ಬಾಳುವುದನ್ನು ಊರು ಕಲಿತಿತ್ತು. ಛತ್ರಿ ರಿಪೇರಿಯ ಮುದುಕ ಬಂದ ದಿನ ಅವನ ನಶ್ಯಕ್ಕೆ ಬಯಲಿನಲ್ಲಿ ನಿಂತವರೆಲ್ಲ ಸೀನಿದ್ದರು, ಸೀನುತ್ತಲೇ ಅತ್ತಿದ್ದರು. ಅತ್ತೆಯ ವಾಸನೆ ಓಣಿಯವರೆಗೆ ಹಬ್ಬಿದಾಗ ಸೊಸೆಯೊಬ್ಬಳು ತನಗರಿವಿಲ್ಲದೆ ತಲೆಯ ಮೇಲೆ ಸೆರಗೆಳೆದುಕೊಂಡದ್ದನ್ನು ಹೇಳಿ ಹೇಳಿ ಹೆಂಗಸರು ನಗುತ್ತಿದ್ದರು. ಮತ್ತೊಂದು ಪದ್ಧತಿಯಿತ್ತು. ಸತ್ತವರು ಮೇಲೆ ಬರುವ ತನಕ ಆ ಮನೆಯ ಬೀದಿಬಾಗಿಲು ಹಾಕುವಂತಿಲ್ಲ. ಕದಕ್ಕೆ ಒಂದು ಕಲ್ಲು ಒತ್ತು ಕೊಟ್ಟು ತೆರೆದೇ ಇಡಬೇಕು. ಬಂದು ಹೋದ ಮೇಲೆ ಹೊರಗಿನವರು ಯಾರಾದರೂ ಮಾತಾಡಿಸಲು ಬಂದು, ಹೊರಡುವಾಗ ಕಲ್ಲು ಸರಿಸಿ ಬಾಗಿಲು ಎಳೆದುಕೊಂಡು ಹೋಗಬೇಕು. ಒಳಗಿನವರ ಕೈಯಿಂದ ಅದು ಆಗುವ ಕೆಲಸವಲ್ಲ ಎಂದು ಹಿಂದಿನವರಿಗೆ ಗೊತ್ತಿದ್ದಿರಬೇಕು. ನಮ್ಮೂರಲ್ಲಿ ದುಃಖ ಮುಗಿಯುವುದು ಹೀಗೆ, ಹೊರಗಿನಿಂದ, ಒಂದು ಸದ್ದಿನೊಂದಿಗೆ.

ನನ್ನ ಮನೆಯ ಬಾಗಿಲು ತೆರೆದೇ ಇತ್ತು. ನನ್ನ ಹೆಂಡತಿ ಮಂದಾಕಿನಿ ಇನ್ನೂ ಬಂದಿರಲಿಲ್ಲ. ತೆರೆದ ಬಾಗಿಲಿನಿಂದ ಧೂಳು, ಎಲೆ, ಓಣಿಯ ನಾಯಿಗಳು, ಕೆಲವೊಮ್ಮೆ ಮಳೆ ಒಳಗೆ ಬಂದು ಹೋಗುತ್ತಿದ್ದವು. ಅವಳು ಎಲ್ಲಿ ಬರುತ್ತಾಳೆಂದು ನಾನು ಲೆಕ್ಕ ಹಾಕಿದ್ದೆ: ಗಾಣದ ಬಾವಿಯಲ್ಲಿ. ಅದು ಊರ ತೆಂಕಣಕ್ಕೆ, ಹಳೆಯ ಎಣ್ಣೆಗಾಣದ ಕಲ್ಲು ಬಿದ್ದಿರುವಲ್ಲಿ ಇದೆ. ಹಲ್ಲುನೋವಿಗೆಂದು ಅವಳು ಸದಾ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದಳು. ನಾವಿಬ್ಬರೂ ಸಂಜೆಗಳಲ್ಲಿ ಹೊಸ ಕಾಲದ ಕವಿತೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆವು. ಅವಳು ಓದಿದ ಸಾಲುಗಳೆಲ್ಲ ನನ್ನ ಮಟ್ಟಿಗೆ ಲವಂಗದ ಗಾಳಿಯಲ್ಲಿ ಬಂದವು. ಪುಸ್ತಕದಲ್ಲಿ ಅವು ಈಗಲೂ ಇವೆ. ಗಾಳಿ ಇಲ್ಲ.

ಇಂದ್ರವ್ವ ಮೊದಲ ಸಲ ನನ್ನ ಹತ್ತಿರ ಬಂದದ್ದು ಒಂದು ಚಳಿಗಾಲದ ಬೆಳಿಗ್ಗೆ. ಬಜಾರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಮಣಿಕಟ್ಟಿನವರೆಗೆ ಜೋಳದ ಹಿಟ್ಟು. ಗಂಡ ಎಂದೋ ಬಿಟ್ಟು ಹೋಗಿದ್ದ. ಒಬ್ಬಳೇ ಮಗಳು ಪಾರಿ ಜ್ವರದಲ್ಲಿ ತೀರಿಕೊಂಡಿದ್ದಳು.

“ಮಾಸ್ತರ್ರ, ನಮ್ ಪಾರಿ ಯಾವಾಗ ಬರ್ತಾಳ್ರಿ?” ಎಂದು ಹೊಸ್ತಿಲಲ್ಲೇ ನಿಂತು ಕೇಳಿದಳು, ಶಾಲೆ ಬಿಡುವ ಹೊತ್ತನ್ನು ಕೇಳುವವಳ ಹಾಗೆ.

“ಬನ್ನಿಗಿಡದ ಬಾವ್ಯಾಗ ಬರ್ತಾಳವಾ. ಇನ್ನೂ ತಡಾ ಐತಿ.”

“ತಡಾ ಅಂದ್ರ? ಅಕಿಗೆ ಮೊದಲಽ ಹಾದಿ ಗೊತ್ತಿಲ್ಲ. ಸಾಲಿಯಿಂದ ಬರೂ ಮುಂದ ದಿನಾ ಒಂದು ಓಣಿ ತಪ್ಪತಿದ್ಲು.”

“ಕಲ್ಲಿನೊಳಗ ತಪ್ಪೂದಿಲ್ಲ. ನೀರು ಕರಕೊಂಡು ಬರತೈತಿ.”

ಅವಳು ತಲೆಯಾಡಿಸಿದಳು, ಆದರೆ ನಂಬಿದಂತೆ ಕಾಣಲಿಲ್ಲ. ಹೊರಟವಳು ತಿರುಗಿ, “ಹಸಿವಾಗಿರಬೇಕ್ರಿ ಅಕಿಗೆ,” ಎಂದಳು.

ಆ ಮಾತನ್ನು ನಾನು ಮರೆತುಬಿಟ್ಟೆ. ನೆನಪಿಸಿದವನು ಫಕೀರಪ್ಪ. ಅವನು ಬಾವಿಗಳನ್ನು ಕಾಯುವವನು. ಉದ್ದನೆಯ ಮನುಷ್ಯ, ಗಡ್ಡಕ್ಕೆ ಯಾವಾಗಲೂ ಎಣ್ಣೆಯ ಹೊಳಪು. ಮಾಗಿ ಕಳೆಯುವ ಹೊತ್ತಿಗೆ ಬಂದು ಮೇಜಿನ ಪಕ್ಕ ಕುಕ್ಕರಿಸಿ, “ಉಣಿಸೂ ಬಾವಿ ನೀರು ಕುಡೀವಲ್ದು ಮಾಸ್ತರ್ರ,” ಎಂದ. “ಒಂದು ಕೊಡ ಹೊಯ್ದ್ರ ಮುಕ್ಕಾಲು ಕೊಡ ಮ್ಯಾಲಽ ನಿಂದರತೈತಿ. ಗಂಟಲಾಗ ಏನೋ ಸಿಕ್ಕಂಗ.”

ನಾನು ಅವನೊಂದಿಗೆ ದಿಬ್ಬ ಹತ್ತಿದೆ. ಬಾವಿಯೊಳಗೆ ಇಳಿಬಿಟ್ಟ ಸರಳಿನ ತುದಿಗೆ ಅಂಟಿ ಬಂದದ್ದು ಗಂಜಿಯ ಕೆನೆಯಂತೆ ದಪ್ಪಗಿತ್ತು. ಬೆರಳಿಗೆ ಹತ್ತಿದರೆ ನೂಲಿನಂತೆ ಎಳೆಯುತ್ತಿತ್ತು. ಮೂಸಿದರೆ ಬೆಲ್ಲ. ಕೆಳಗಿನವರು ಹೊಟ್ಟೆತುಂಬ ಉಂಡು, ಬೆಳೆದು, ಒಬ್ಬರಿಗೊಬ್ಬರು ಅಂಟಿಕೊಂಡು ಬಂಡೆಯ ಬಾಯಲ್ಲೇ ಕೂತುಬಿಟ್ಟಿದ್ದರು. ಅವರ ಹಿಂದೆ ರಂಧ್ರಗಳೆಲ್ಲ ಮುಚ್ಚಿದ್ದವು.

“ಯಾರು ಇಷ್ಟು ಕಾಕಂಬಿ ಹೊಯ್ದಾರ, ಫಕೀರಪ್ಪ?”

ಅವನು ಗಡ್ಡ ಕೆರೆದುಕೊಂಡ. “ಇಂದ್ರವ್ವ್ರಿ. ದಿನಾ ಬರ್ತಾಳ. ಸಂಬಳದ ಅರ್ಧಾ ಬೆಲ್ಲಕ್ಕ ಹಾಕ್ತಾಳಂತ ಖಾನಾವಳಿ ಮಂದಿ ಬೈತಾರ. ಬ್ಯಾಡವಾ ಅನ್ನಾಕ ನನಗ ಬಾಯಿ ಬರಲಿಲ್ಲ ನೋಡ್ರಿ. ಹೊಯ್ಯೂ ಮುಂದ ‘ಇದೊಂದು ತುತ್ತು, ಇದೊಂದಽ ತುತ್ತು’ ಅಂತಾಳ.”

ಹೀಗೆ ಆಗಬಹುದೆಂದು ಸಮೀಕರಣ ಹೇಳುತ್ತದೆ. ಅಲ್ಲಿ ಅದು ಬೆಳವಣಿಗೆಯ ಒಂದು ಪದ, ಅದರ ಪಕ್ಕ ಅಂಟುವಿಕೆಯ ಒಂದು ಪದ. ಇವೆರಡು ಸೇರಿದರೆ ನಡಿಗೆಯ ಪದ ಸೊನ್ನೆಗೆ ಹತ್ತಿರವಾಗುತ್ತದೆ. ಇದನ್ನು ಒಬ್ಬ ತಾಯಿಗೆ ಯಾವ ಭಾಷೆಯಲ್ಲಿ ಹೇಳಬೇಕೆಂದು ಯಾರೂ ಬರೆದಿಟ್ಟಿಲ್ಲ.

ಹೇಳಿದೆ. ಅವಳು ಕೇಳಲಿಲ್ಲ. “ನನ್ನ ಕೂಸು ಉಪಾಸ ಸತ್ತೈತ್ರಿ,” ಎಂದಳು. ಖಾನಾವಳಿಯ ಹಿತ್ತಲು, ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. “ನಾಲ್ಕು ದಿವ್ಸ ಬಾಯಾಗ ಒಂದು ಅಗಳು ಇಳೀಲಿಲ್ಲ. ಊರ ಮಂದಿಗೆಲ್ಲಾ ರೊಟ್ಟಿ ಬಡೀತೀನಿ ನಾ. ಸಾಯೂ ಮುಂದ ಅಕಿ ಹೊಟ್ಟಿ ಖಾಲಿ ಇತ್ತು. ಈಗೂ ಉಪಾಸ ಹಾಕು ಅಂತೀರೇನ್ರಿ? ನೀವು ಶಾಣ್ಯಾರಿರಬಹುದು. ಶಾಣ್ಯಾತನದಾಗ ಹೊಟ್ಟಿ ತುಂಬತೈತೇನು?”

ರೊಟ್ಟಿ ಸೀದು ಹೋಯಿತು. ಅವಳು ಅದನ್ನು ತೆಗೆದು ನಾಯಿಗೆ ಎಸೆದಳು. ನಾನು ಬೇರೇನೂ ಹೇಳದೆ, ಮರುದಿನ ಬಿಡುವಾದಾಗ ಮನೆಗೆ ಬಂದು ಒಂದು ವಸ್ತು ನೋಡಿ ಹೋಗೆಂದು ಕೇಳಿಕೊಂಡು ಬಂದೆ.

ಬಂದಳು, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. ಅಷ್ಟರಲ್ಲಿ ನಾನು ಇನ್ನೊಂದು ಜೊತೆ ಗಾಜಿನ ಹಲಗೆ ನಿಲ್ಲಿಸಿ, ಅದೇ ಮರಳು ತುಂಬಿ, ಎಡತುದಿಯಲ್ಲಿ ಅವೇ ಜೀವಿಗಳನ್ನು ಬಿಟ್ಟಿದ್ದೆ. “ನೋಡವಾ, ಎರಡೂ ಒಂದಽ. ಇದಕ್ಕ ದಿನಾ ಬೆಲ್ಲದ ನೀರು ನೀ ಹಾಕು. ಆ ಹಳೇದಕ್ಕ ಬರೇ ನೀರು. ಇವತ್ತು ಇದ್ದಲ್ಲಿಂದ ಯಾರು ಮುಂದ ಹೋಗ್ತಾರ ನೀನಽ ಹೇಳು.”

“ಆಟ ಆಡಸ್ತೀರೇನ್ರಿ ನನ್ನ?” ಎಂದಳು. ಆದರೂ ಬಟ್ಟಲು ಕೈಗೆ ತೆಗೆದುಕೊಂಡಳು.

ಅಂದಿನಿಂದ ದಿನವೂ ಬಂದಳು. ಮೇಜಿನ ಮುಂದೆ ನೆಲದ ಮೇಲೆ ಕೂತು, ಗಲ್ಲವನ್ನು ಮೇಜಿನ ಅಂಚಿಗಿಟ್ಟು ಗಾಜನ್ನು ನೋಡುವಳು. ಹಳೆಯದರತ್ತ ನೋಡಿ “ಪಾಪ, ಸೊರಗ್ಯಾವ,” ಎನ್ನುವಳು. ನಾನು ಓದುತ್ತಿದ್ದ ಪುಸ್ತಕ ಏನೆಂದು ಕೇಳುವಳು. ಒಂದೆರಡು ಸಾಲು ಓದಿದರೆ, “ಇದರಾಗ ಅಡಗಿ ಮಾತಽ ಇಲ್ಲಲ್ರಿ,” ಎಂದು ನಗುವಳು. ತಾನು ಬೆಲ್ಲ ಉಣಿಸಿದ ಗಾಜಿನಲ್ಲಿ ಎಡತುದಿ ಬೆಳ್ಳಗೆ, ದಪ್ಪಗೆ ತುಂಬಿಕೊಂಡದ್ದನ್ನು ಕಂಡು ಮೊದಮೊದಲು ಹಿಗ್ಗಿದಳು. “ಮೈ ಹಿಡದಾವ ನೋಡ್ರಿ!” ಆಮೇಲೆ ಹಿಗ್ಗು ಕಡಿಮೆಯಾಯಿತು. ಅಲ್ಲಿಯದು ಅಲ್ಲೇ ಇತ್ತು. ಸೊರಗಿದ ಗೆರೆ, ಕೂದಲಿನಷ್ಟು ತೆಳುವಾಗಿ, ಕಾಳಿನಿಂದ ಕಾಳಿಗೆ ಜಾರುತ್ತ ಬಲತುದಿಯ ಹತ್ತಿರ ಬಂದಿತ್ತು. ಹಸಿದ ಜೀವಿಗಳು ಕುಗ್ಗುತ್ತವೆ, ಅಂಟು ಬಿಡುತ್ತವೆ. ಕುಗ್ಗಿದವಕ್ಕೆ ಮಾತ್ರ ಬಂಡೆಯ ಇಕ್ಕಟ್ಟುಗಳಲ್ಲಿ ನುಸುಳಲು ಬರುತ್ತದೆ. ನಾನು ಇದನ್ನು ಹೇಳುವ ಅಗತ್ಯ ಬೀಳಲಿಲ್ಲ.

ಒಂದು ದಿನ ಬೆಲ್ಲದ ಬಟ್ಟಲನ್ನು ಕೆಳಗಿಟ್ಟು, “ಹಂಗಾದ್ರ ನಾನಽ ಕಟ್ಟಿ ಹಾಕೀನೇನ್ರಿ ಅಕೀನ್ನ?” ಎಂದಳು.

“ಉಣಿಸಿದಿ. ತಪ್ಪೇನೈತಿ ಅದರಾಗ?”

“ತಪ್ಪು ಅಂದಿದ್ರಽ ಚೊಲೋ ಇತ್ರಿ,” ಎಂದು ಎದ್ದು ಹೋದಳು. ದಿಬ್ಬದ ಮೇಲೆ ಅವಳು ಮತ್ತೆ ಕಾಣಿಸಲಿಲ್ಲವೆಂದು ಫಕೀರಪ್ಪ ಹೇಳಿದ. ಆದರೆ ಖಾನಾವಳಿಯಲ್ಲಿ ತಾನೂ ಊಟ ಬಿಟ್ಟಿದ್ದಾಳಂತೆ. ಒಂದು ಹೊತ್ತು ಮಾತ್ರ, ಅದೂ ಅರ್ಧ ರೊಟ್ಟಿ. ಮಗಳೊಂದಿಗೆ ತಾನೂ ಹಸಿಯುತ್ತಿದ್ದಳು.

ಉಣಿಸುವ ಬಾವಿಯ ಗಂಟಲು ನಿಧಾನವಾಗಿ ಬಿಡತೊಡಗಿತು. ಕಾಲವಿದ್ದಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಕಾಲವಿರಲಿಲ್ಲ. ಬೇಸಿಗೆಯ ಆರಂಭದಲ್ಲಿ ಫಕೀರಪ್ಪ ಮತ್ತೆ ಬಂದ, ಈ ಸಲ ಕುಕ್ಕರಿಸಲೂ ಇಲ್ಲ.

“ಕಂಪನಿ ಹೊಂಟಿತ್ರಿ. ಎಣ್ಣಿ ಸಾಲೂದಿಲ್ಲಂತ. ಮಳಿಗಾಲಕ್ಕ ಎಲ್ಲಾ ಬಾವಿಗೂ ಸಿಮೆಂಟ್ ಹಾಕಿ ಮುಚ್ಚತಾರ. ಪಂಪುಗಳ್ನ ಬಿಚ್ಚಿ ಲಾರಿಗೆ ಏರಿಸ್ಯಾರ. ಗೋಗರದು ಒಂದು ಪಂಪು ಉಳಿಸ್ಕೊಂಡೀನಿ, ಮಳಿ ಬೀಳೂ ತನಕ. ಎಲ್ಲಿ ಹಚ್ಚಲಿ? ಮಂದಿ ಎಲ್ಲಾ ಮಾಸ್ತರ್ರನ್ನ ಕೇಳು ಅಂದ್ರು.”

ಇನ್ನೂ ಬಾರದವರು ಹಲವರಿದ್ದರು. ಅವರು ಇನ್ನು ಬರಲಾರರೆಂದು ಅವರ ಮನೆಯವರಿಗೆ ನಾನೇ ಹೇಳಬೇಕಾಯಿತು, ಒಬ್ಬೊಬ್ಬರ ತೆರೆದ ಬಾಗಿಲಿಗೂ ಹೋಗಿ. ಮಳೆಗಾಲದೊಳಗೆ ಬರಬಲ್ಲಷ್ಟು ಹತ್ತಿರವಿದ್ದವರು ಇಬ್ಬರೇ. ಮಂದಾಕಿನಿ ಗಾಣದ ಬಾವಿಯ ತೀರ ಸಮೀಪಕ್ಕೆ ಬಂದಿದ್ದಳು; ಪಂಪು ಅಲ್ಲಿ ಹಚ್ಚಿದರೆ ಅವಳು ಬರುವುದು ಖಚಿತ. ಪಾರಿ ಇನ್ನೂ ಹಿಂದಿದ್ದಳು, ಆದರೆ ಬನ್ನಿಗಿಡದ ಬಾವಿ ದಿಬ್ಬಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಪಂಪಿನ ಇಡೀ ಸೆಳೆತ ಬನ್ನಿಗಿಡದ ಬಾವಿಯ ಕಡೆಗಿದ್ದರೆ ಅವಳು ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಬಂಡೆಯೊಳಗಿನ ನೀರು ಒಂದು ಕಡೆ ಒಲಿದರೆ ಇನ್ನೊಂದು ಕಡೆ ನಿಂತುಬಿಡುತ್ತದೆ. ಇದು ಫಕೀರಪ್ಪನಿಗೂ ಗೊತ್ತಿತ್ತು. ಆದುದರಿಂದಲೇ ಅವನು ನನ್ನ ಮುಖ ನೋಡದೆ ಗಾಜನ್ನು ನೋಡುತ್ತಿದ್ದ.

“ನಾಳಿ ಹೇಳ್ತೀನಿ,” ಎಂದೆ.

ಆ ದಿನ ನಾನು ಮಂದಾಕಿನಿಯ ಲವಂಗದ ಡಬ್ಬಿ ತೆಗೆದೆ. ಒಳಗೆ ಕೆಲವು ಉಳಿದಿದ್ದವು, ಬರಿಯ ಕಡ್ಡಿಗಳಾಗಿದ್ದವು. ಒಂದನ್ನು ದವಡೆಯಲ್ಲಿಟ್ಟುಕೊಂಡು ಅವಳ ಮೆಚ್ಚಿನ ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಲು ನೋಡಿದೆ. ಅಂಗಳದಲ್ಲಿ ಆಡುತ್ತಿದ್ದ ಗುಬ್ಬಿಗಳು ಹಾರಿಹೋದವು. ನನ್ನ ದನಿ ಪದಗಳನ್ನು ಹೊತ್ತುಕೊಂಡು ಹೋಗಿ ಎಲ್ಲೋ ಇಳಿಸಿ ಬರುವ ಕೂಲಿಯವನ ಹಾಗಿತ್ತು. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ಅವಳ ಉಸಿರಿನೊಳಗೆ ನಿಲ್ಲಬಹುದಿತ್ತು. ಅದರಾಚೆಗೆ ನನಗೆ ಈ ಲೋಕದಿಂದ ಬೇಕಾದದ್ದು ಏನೂ ಇರಲಿಲ್ಲ. ಮತ್ತು ಅದು ನನ್ನ ಕೈಯಲ್ಲಿತ್ತು. ಒಂದು ಮಾತು ಹೇಳಿದರೆ ಸಾಕು, ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಒಳ್ಳೆಯ ಕವಿತೆ ತನಗೆ ಅತಿ ಬೇಕಾದ ಸಾಲನ್ನೇ ಬಿಟ್ಟುಕೊಟ್ಟಿರುತ್ತದೆ ಎಂದು ಮಂದಾಕಿನಿ ಹೇಳುತ್ತಿದ್ದಳು. ಕವಿತೆಯ ಬಗ್ಗೆ ಹಾಗೆ ಹೇಳುವುದು ಸುಲಭ. ನಾನು ಸಂಜೆಯವರೆಗೂ ಅವಳೊಡನೆ ಜಗಳವಾಡಿದೆ. ಉಪವಾಸದಿಂದ ಸುಕ್ಕಾದ ಇಂದ್ರವ್ವನ ಮುಖ, ಮೇಜಿನ ಅಂಚಿಗೆ ಒತ್ತಿದ ಗಲ್ಲ, ಮತ್ತೆ ಮತ್ತೆ ಅಡ್ಡ ಬಂತು.

ಮರುದಿನ ಫಕೀರಪ್ಪನಿಗೆ, “ಬನ್ನಿಗಿಡಕ್ಕ ಹಚ್ಚು,” ಎಂದೆ.

ಅವನು ಅಲ್ಲಾಡಲಿಲ್ಲ. “ಗಾಣದ ಬಾವ್ಯಾಗ ಅಕ್ಕೋರು...”

“ಬನ್ನಿಗಿಡಕ್ಕಽ ಹಚ್ಚು. ಇಂದ್ರವ್ವಗ ಏನೂ ಹೇಳಬ್ಯಾಡ.”

ಪಂಪಿನ ಸದ್ದು ಬೇಸಿಗೆಯುದ್ದಕ್ಕೂ ಊರಿನ ಮೇಲಿತ್ತು. ಗಾಣದ ಬಾವಿಯ ಕಡೆ ನಾನು ಹೋಗಲಿಲ್ಲ. ಮೋಡಗಳು ಕಟ್ಟಿ, ಕಂಪನಿಯ ಸಿಮೆಂಟಿನ ಲಾರಿಗಳು ಬಯಲಿನ ಅಂಚಿಗೆ ಬಂದು ನಿಂತ ಮೇಲೆ, ಒಂದು ಮಧ್ಯಾಹ್ನ ಯಾರೋ ಓಣಿಯಲ್ಲಿ ಕೂಗಿದರು. ನಾನು ಹೋದಾಗ ಬನ್ನಿಗಿಡದ ಕೆಳಗೆ ಹೆಂಗಸರು ದಾರಿ ಬಿಟ್ಟು ನಿಂತಿದ್ದರು. ಇಂದ್ರವ್ವ ಕೊಳವೆಯ ಬಾಯಿಗೆ ಮುಖವೊಡ್ಡಿ ಮಂಡಿಯೂರಿದ್ದಳು. ಎಣ್ಣೆ ಗಲ್ಲದ ಮೇಲಿಂದ ಇಳಿದು ಕುಪ್ಪಸ ಕಪ್ಪಾಗಿತ್ತು. ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲು ಶುರುಮಾಡಿದಳು.

“ಮತ್ತ ಬಳಪಾ ತಿಂದೀಯೇನ, ಹುಚ್ಚಿ? ಎಷ್ಟು ಸಲ ಹೇಳೀನಿ! ಹುಣಸಿಕಾಯಿ ಬ್ಯಾರೆ ತಿಂದಿ. ತಲಿಗೆ ನೋಡಿದ್ರ ಎಣ್ಣಿ ಇಲ್ಲ... ಯಾಕಿಷ್ಟು ತಡಾ ಮಾಡಿದಿ? ಹಾದಿ ತಪ್ಪಿತ್ತೇನವಾ? ಹಾದಿ ತಪ್ಪಿತ್ತೇನು?”

ನಾನು ದೂರದಿಂದಲೇ ಹಿಂತಿರುಗಿದೆ. ಆ ಸಂಜೆ ಫಕೀರಪ್ಪ ಅವಳ ಮನೆಗೆ ಹೋಗಿ, ಎರಡು ಮಾತಾಡಿ, ಬಾಗಿಲು ಎಳೆದುಕೊಂಡು ಬಂದನಂತೆ. ಮಾತಿನ ನಡುವೆ ಬಾಯಿ ಸಡಿಲಾಗಿರಬೇಕು. ಏಕೆಂದರೆ ಮರುದಿನ ಬೆಳಿಗ್ಗೆ ಇಂದ್ರವ್ವ ನನ್ನ ಹೊಸ್ತಿಲಲ್ಲಿದ್ದಳು. ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಇನ್ನೊಂದರಲ್ಲಿ ಎಣ್ಣೆಯಲ್ಲಿ ನೆನೆದ ಒಂದು ಅರಿವೆಯ ತುಂಡು, ಬಾಳೆಯೆಲೆಯಲ್ಲಿ ಬಿಗಿಯಾಗಿ ಕಟ್ಟಿದ್ದು. ಹೊರಗೆ ಲಾರಿಗಳು ಗಾಣದ ಬಾವಿಯ ಕಡೆ ಹೊರಟ ಸದ್ದು ಕೇಳುತ್ತಿತ್ತು.

“ಅಕ್ಕೋರು ಬರೂವ್ರಿದ್ರಂತಲ್ರಿ,” ಎಂದಳು. ಕೂರಲಿಲ್ಲ. “ನೀವು ನನಗ ಹೇಳಬೇಕಿತ್ತು.”

“ಹೇಳಿದ್ರ ಏನು ಮಾಡತಿದ್ದಿ?”

ಅವಳು ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡಳು. ತನಗೆ ಸಿಕ್ಕ ಮಧ್ಯಾಹ್ನವೇ ಈಗ ಅವಳನ್ನು ಸುಡುತ್ತಿತ್ತು. ಅದನ್ನು ನೋಡಲಾರದೆ ನಾನು ಅಂದೆ: “ಅಕಿ ಬಂದಿದ್ರೂ ನನಗ ತಿಳೀತಿರಲಿಲ್ಲವಾ. ಹ್ವಾದ ವರ್ಷದ ಜ್ವರದಾಗ ಮೂಗು ಹ್ವಾತು ನಂದು. ಯಾವ ವಾಸನೀನೂ ಬರೂದಿಲ್ಲ. ಹಿಂಗಾಗಿ ನಿನಗ ಬಿಟ್ಟೆ. ದೊಡ್ಡ ಮಾತೇನಲ್ಲ.”

ಅವಳು ನನ್ನನ್ನು ದಿಟ್ಟಿಸಿದಳು. ನಂತರ ಬಾಳೆಯೆಲೆ ಬಿಚ್ಚಿ, ಆ ಅರಿವೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. “ನಿನ್ನೆ ಮಧ್ಯಾಹ್ನಽ ಕಟ್ಟಿಟ್ಟಿದ್ದೆ, ಸ್ವಲ್ಪ ಉಳದೈತಿ. ಬರತೈತೇನ್ರಿ?”

ಬಂತು. ಎಣ್ಣೆಯ ಕೆಳಗೆ ಒದ್ದೆ ಬಳಪ, ಹುಣಸೆಕಾಯಿಯ ಹುಳಿ, ಬಿಸಿಲಲ್ಲಿ ಓಡಿ ಬಂದ ಮಗುವಿನ ನೆತ್ತಿ. ಪಾರಿ ಎಂದರೆ ಇಷ್ಟು ಎಂದು ನನಗೆ, ಅವಳನ್ನು ಒಮ್ಮೆಯೂ ಸರಿಯಾಗಿ ನೋಡಿರದವನಿಗೆ, ತಿಳಿಯಿತು. ಅವೆಲ್ಲದರ ತಳದಲ್ಲಿ ಎಲ್ಲಾದರೂ ಲವಂಗದ ಒಂದು ಎಳೆ ದಾರಿ ಬದಲಿಸಿ ಬಂದಿದ್ದೀತೇ ಎಂದು ಹುಡುಕಿದೆ. ಇರಲಿಲ್ಲ.

“ಏನೂ ಬರವಲ್ದು,” ಎಂದೆ.

“ಮತ್ತ ಕಣ್ಣಾಗ್ಯಾಕ ನೀರು ಬಂತ್ರಿ?”

“ಎಣ್ಣಿ ಖಾರ, ಇಂದ್ರವ್ವ.”

ಅವಳು ಅರಿವೆಯನ್ನು ಎಲೆಯಲ್ಲಿ ಮತ್ತೆ ಸುತ್ತಿದಳು. ರೊಟ್ಟಿಯ ಗಂಟನ್ನು ಮೇಜಿನ ಮೇಲೆ, ಗಾಜಿನ ಪಕ್ಕದಲ್ಲಿ ಇಟ್ಟಳು. “ಬಿಸಿ ಅದಾವ. ಆರೂದ್ರಾಗ ಉಣ್ರಿ,” ಎಂದಳು. ಹಳೆಯ ಗಾಜಿನ ತೆಳ್ಳನೆಯ ಗೆರೆ ಬಲತುದಿಯನ್ನು ಮುಟ್ಟಿತ್ತು. ಅದನ್ನು ಬೆರಳಿನಿಂದ ಒಮ್ಮೆ ತಡವಿದಳು, ಮಗುವಿನ ಕೆನ್ನೆಯನ್ನು ತಡವುವ ಹಾಗೆ. ಹೊರಗೆ ಎಲ್ಲೋ ಲಾರಿ ನಿಂತಿತು, ಸಿಮೆಂಟು ಕಲೆಸುವ ಯಂತ್ರ ಗರಗರ ತಿರುಗತೊಡಗಿತು. ನಾವಿಬ್ಬರೂ ಅದು ಕೇಳಿಸದವರ ಹಾಗೆ ನಿಂತೆವು.

ಹೊಸ್ತಿಲು ದಾಟಿದ ಮೇಲೆ ಅವಳು ಬಾಗಿದಳು. ಕಲ್ಲು ಬಹಳ ವರ್ಷಗಳಿಂದ ಅಲ್ಲೇ ಇದ್ದುದರಿಂದ ನೆಲ ಕಚ್ಚಿತ್ತು. ಅವಳು ಎರಡೂ ಕೈ ಹಚ್ಚಬೇಕಾಯಿತು. ಬೇಡ, ಮಂದಾಕಿನಿ ಇನ್ನೂ ಬಂದಿಲ್ಲ, ಎನ್ನಬೇಕೆಂದಿದ್ದೆ. ಬಾಯಿ ತೆರೆದೆ. ಇಂದ್ರವ್ವ ನನ್ನ ಕಡೆ ನೋಡಲಿಲ್ಲ. ಕಲ್ಲು ಸರಿಯಿತು, ಅದರ ಕೆಳಗಿನ ಒದ್ದೆ ಮಣ್ಣಿನ ಒಂದು ತಣ್ಣನೆಯ ವಾಸನೆ ಒಳಗೆ ಬಂತು. ಆಮೇಲೆ ಅವಳು ಚಿಲಕ ಹಿಡಿದು, ಮಲಗಿದವರಿರುವ ಮನೆಯಿಂದ ಹೊರಡುವವರ ಹಾಗೆ, ಬಾಗಿಲನ್ನು ತನ್ನ ಹಿಂದೆ ಮೆಲ್ಲಗೆ ಎಳೆದುಕೊಂಡಳು.